ಜಿನೀವಾಕ್ಕೆ ಹೋದ ಹೊಸ ಕೌದಿ

ನನ್ನ ನಾದಿನಿ ಜಿನೀವಾಕ್ಕೆ ಹೋದದ್ದು ಕಸದ ಬಗ್ಗೆ ಅಭ್ಯಾಸ ಮಾಡಲು. ದಾಂಡೇಲಿಯ ನಮ್ಮ ಮನೆಯಲ್ಲಿದ್ದ ಇಪ್ಪತ್ತಮೂರು ವರ್ಷಗಳಲ್ಲಿ ಅವಳು ಒಮ್ಮೆಯಾದರೂ ಕಸಬರಿಗೆ ಮುಟ್ಟಿದ್ದನ್ನು ಕಂಡವರಿಲ್ಲ! ಇದು ನನ್ನ ಮಾತಲ್ಲ, ಅವಳನ್ನು ಹಡೆದವರ ಮಾತು. ನಾನು ಕಾನ್ವೆಂಟಿನಲ್ಲಿ ಕಲಿತವಳು. ನಾದಿನಿಯ ಬಗ್ಗೆ ಅತ್ತೆಯವರು ಏನಾದರೂ ಹೇಳಿದರೆ ಮೆಲ್ಲಗೆ ತಲೆಯಾಡಿಸುತ್ತೇನೆ, ಅಷ್ಟೆ.

ಚಿಕ್ಕಂದಿನಿಂದಲೂ ಅವಳದು ವಿಚಿತ್ರ ತಲೆಯಂತೆ. ಏಳನೆಯ ಇಯತ್ತೆಯಲ್ಲಿದ್ದಾಗ ಮನೆಯ ಹಳೆಯ ನೋಟುಬುಕ್ಕುಗಳನ್ನು ರದ್ದಿಯವನಿಗೆ ಹಾಕಿದರೆ, ಅವು ಎಲ್ಲಿಗೆ ಹೋಗುತ್ತವೆ ನೋಡೋಣವೆಂದು ಅವನ ಸೈಕಲ್ಲಿನ ಹಿಂದೆಯೇ ನಡೆದುಬಿಟ್ಟಳು. ಮಾವನವರು ಊರೆಲ್ಲ ಹುಡುಕಿದರು. ಕೊನೆಗೆ ಸಿಕ್ಕಾಗ ಗೋದಾಮಿನ ರದ್ದಿ ರಾಶಿಯ ಮೇಲೆ ಕೂತು, ಯಾರದೋ ಮದುವೆಯ ಆಮಂತ್ರಣ ಪತ್ರಿಕೆಯನ್ನು ಓದುತ್ತಿದ್ದಳಂತೆ. ಬೈದರೆ ಅತ್ತಳೇ? ಎಲ್ಲಿಯ ಅಳು!

"ಅಪ್ಪಾ, ನನ್ನ ಗಣಿತದ ಬುಕ್ ಇನ್ನ ಚುರಮುರಿ ಪೊಟ್ಣ ಆಗತೈತಂತ! ನನ್ನ ಕೈಯಾಗ ಇದ್ದದ್ದಕ್ಕಿಂತ ಛಲೋ ಆತ ಬಿಡು."

ಅಂಥವಳು ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದಾಗ ಒಂದು ಅಂತರರಾಷ್ಟ್ರೀಯ ಸಂಸ್ಥೆಯಿಂದ ಪತ್ರ ಬಂತು. ದೇಶದೇಶಗಳ ನಡುವಿನ ವ್ಯಾಪಾರದ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಆ ಸಂಸ್ಥೆಯ ಉದ್ಯೋಗ. ಅಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್. ವಿಷಯ, ಸರ್ಕ್ಯುಲರ್ ಇಕಾನಮಿ. ಅಂದರೆ ಬಳಸಿದ್ದನ್ನು ಬಿಸಾಡದೆ ಅದರಿಂದ ಇನ್ನೊಂದು ಮಾಡುವುದು, ಆ ಇನ್ನೊಂದನ್ನೂ ಬಿಸಾಡದೆ ಮತ್ತೊಂದು ಮಾಡುವುದು. ಹೋಗಿಬರಲು ಯಾವುದೋ ಶಿಷ್ಯವೇತನ ಸಿಕ್ಕಿತ್ತು. ಆದರೆ ಅತ್ತೆಯವರ ಪ್ರಶ್ನೆಯೇ ಬೇರೆ.

"ಪಗಾರ ಎಷ್ಟ ಕೊಡತಾರ?"

"ಪಗಾರ ಇರಾಂಗಿಲ್ಲವ್ವ. ಅನುಭವ ಸಿಗತೈತಿ."

"ಪಗಾರಿಲ್ಲದ ಅನುಭವಕ್ಕ ಅಷ್ಟ ದೂರ ಯಾಕ ಹೋಗ್ತಿ? ನಿಮ್ಮ ವೈನಿ ಇಲ್ಲೇ ಹತ್ತ ವರ್ಷದಿಂದ ಮಾಡಾಕತ್ತಾಳಲ್ಲ!"

ಎಲ್ಲರೂ ನಕ್ಕರು. ವೈನಿ ಎನ್ನಿಸಿಕೊಂಡ ನಾನೂ ನಕ್ಕೆ. ಚಹಾದ ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋಗಿ, ತೊಳೆಯುತ್ತ ಇನ್ನೂ ಸ್ವಲ್ಪ ನಕ್ಕೆ.

ಜನವರಿಯಲ್ಲಿ ಹೋದಳು. ಹೋದವಳು ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು, ಕ್ಷೇಮಸಮಾಚಾರಕ್ಕಲ್ಲ, ಮಾಹಿತಿಗೆ!

"ಅವ್ವ, ಸೀರಿ ಹರದ್ರ ಏನ್ ಮಾಡತಿ?"

"ನಡುವ ಕತ್ತರಿಸಿ, ಅಂಚು ಕೂಡಿಸಿ ಹೊಲೀತೇನಿ."

"ಆಮ್ಯಾಲ?"

"ಕೂಸಿಗೆ ಕುಂಚಿಗಿ."

"ಆಮ್ಯಾಲ?"

"ಬೋಗಾಣಿ ಇಳಸೂ ಅರಿವಿ. ಅದೂ ಸವದ್ರ ನೆಲಾ ಒರಸೂ ಅರಿವಿ."

"ಆಮ್ಯಾಲ?"

"ನಿಮ್ಮಪ್ಪ ಸ್ಕೂಟರ್ ಒರಸ್ತಾರ. ಇನ್ನೊಮ್ಮೆ ಆಮ್ಯಾಲ ಅಂದ್ರ ಫೋನ್ ಇಡತೇನಿ ನೋಡು!"

ಅತ್ತೆಯವರ ಆ ಸೀರೆ ಜಿನೀವಾದಲ್ಲಿ ಬಾಣದ ಗುರುತುಗಳಿರುವ ಬಣ್ಣದ ಚಿತ್ರವಾಯಿತು. ಒಂದೊಂದು ಹಾಳೆಯ ಒಂದೇ ಮಗ್ಗುಲಿಗೆ ಅದನ್ನು ಮುದ್ರಿಸಿ ಸಭೆಯಲ್ಲಿ ಎಲ್ಲರಿಗೂ ಹಂಚಿದರಂತೆ. ಏನನ್ನೂ ಬಿಸಾಡಬಾರದೆಂದು ಠರಾವು ಮಾಡಿ ಎದ್ದುಹೋದ ದೊಡ್ಡವರು ಹಾಳೆಗಳನ್ನು ಕಸದ ಡಬ್ಬಿಗೆ ಹಾಕಿ ಹೋದರು. ಇವಳು ಅವನ್ನೆಲ್ಲ ಎತ್ತಿಕೊಂಡು ಬಂದು, ಖಾಲಿ ಮಗ್ಗುಲಿನಲ್ಲಿ ನನಗೆ ಪತ್ರ ಬರೆದಳು. ಹದಿನಾಲ್ಕು ಪುಟ! ಹಾಳೆ ಮುಗಿಯುವವರೆಗೆ ಬರೆದಿದ್ದಾಳೆಂದು ನನ್ನ ಅನುಮಾನ.

ವಿಷಯವಿದ್ದದ್ದು ಕೊನೆಯ ಪುಟದಲ್ಲಿ. ಫೆಬ್ರವರಿಯಲ್ಲಿ ಪ್ರತಿಯೊಬ್ಬ ಇಂಟರ್ನ್ ತನ್ನ ಮನೆಯ ಒಂದು ವಸ್ತುವನ್ನಿಟ್ಟುಕೊಂಡು ಸಂಸ್ಥೆಯ ಹಿರಿಯರ ಮುಂದೆ ಮಾತನಾಡಬೇಕು. ಮೆಚ್ಚುಗೆಯಾದವರಿಗೆ ಇನ್ನೂ ಆರು ತಿಂಗಳ ಕೆಲಸ, ಈ ಸಲ ಪಗಾರ ಕೊಟ್ಟು. 'ವೈನಿ, ನನಗಿದು ಬೇಕೇ ಬೇಕು. ಮಂಚದ ಮೇಲಿನ ಹಳೆಯ ಕೌದಿ ಕಳಿಸಿರಿ' ಎಂದು ಬರೆದು, ಕೆಳಗೆ ಎರಡೆರಡು ಗೆರೆ ಎಳೆದಿದ್ದಳು. ಹಳೆಯ ಸೀರೆ, ಲಂಗಗಳನ್ನು ಪದರಪದರವಾಗಿ ಇಟ್ಟು ಹೊಲಿದ ಕೌದಿಗಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು?

ಓದಿ ಹೇಳಿದೆ. ಅತ್ತೆಯವರ ಮುಖ ಸಣ್ಣದಾಯಿತು.

"ನಮ್ಮ ಹರಕ ಅರಿವಿ ಪರದೇಶದ ಮಂದಿ ಮುಂದ ಹಾಸೂದ? ಈ ಹುಡುಗಿ ಮನ್ಯಾಗ ಗತಿ ಇಲ್ಲ ಅನ್ನೂದಿಲ್ಲ ಅವರು?"

"ಹಳೇದ ಬೇಕಂತ, ಅತ್ತಿ..."

"ನೀ ಸುಮ್ನಿರು. ಆಕಿಗೇನ್ ತಿಳೀತೈತಿ!"

ಮರುದಿನವೇ ಹಳಿಯಾಳದ ಬಸ್ಸು ಹತ್ತಿದೆವು. ನಾಲ್ಕು ಹೊಸ ಸೀರೆ ಕೊಂಡೆವು. ಪ್ರತಿ ವರ್ಷ ನಮಗೆ ಕೌದಿ ಹೊಲಿದು ಕೊಡುವ ಹೆಣ್ಣುಮಗಳು ಹಳಿಯಾಳದ ಹತ್ತಿರದ ಒಂದು ಕಾಡಂಚಿನ ಹಾಡಿಯವಳು. ಅವಳನ್ನು ಜೊತೆಗೇ ಕರೆದುಕೊಂಡು ಬಂದೆವು. ಸೀರೆಗಳನ್ನು ಕಂಡು ಅವಳು ಕತ್ತರಿಯನ್ನು ಕೆಳಗಿಟ್ಟಳು.

"ನನ್ನ ಕೈ ಏಳವಲ್ದ್ರಿ ಅಮ್ಮಾರ. ಇವನ್ನ ನೀವ ಉಟ್ಟಕೋರಿ, ಮೈಮ್ಯಾಲಿಂದ ನನಗ ಕೊಡ್ರಿ!"

ಅತ್ತೆಯವರೇ ಕತ್ತರಿ ಎತ್ತಿಕೊಂಡರು. ಸೀರೆ ಕತ್ತರಿಸುವ ಸದ್ದಿಗೆ ನಾವಿಬ್ಬರೂ ಕಣ್ಣು ಮುಚ್ಚಿಕೊಂಡೆವು. ಎಂಟು ದಿನ ಪಡಸಾಲೆಯಲ್ಲಿ ಹೊಲಿಗೆ ನಡೆಯಿತು, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನವರೆಗೆ. ಮೂಲೆಗಳಲ್ಲಿ ನಾಲ್ಕು ನಾಲ್ಕು ಅಕ್ಕಿಕಾಳು ಇಟ್ಟು, ಹೊದ್ದವರ ಹೊಟ್ಟೆ ತುಂಬಿರಲಿ ಎಂದು ಮುಚ್ಚಿ ಹೊಲಿದಳು. ಸಿಸ್ಟರುಗಳು ಕಲಿಸಿದ ಹೊಲಿಗೆ ನನಗೂ ಬರುತ್ತದೆಯಲ್ಲ ಎಂದು ಒಂದು ಸಾಲು ಹಾಕಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬಿಚ್ಚಿದಳು.

ಪಾರ್ಸೆಲ್ ಜಿನೀವಾ ಮುಟ್ಟಿದ್ದು ಮಾತಿನ ದಿನ ಬೆಳಿಗ್ಗೆ. ಬಿಚ್ಚಿ ನೋಡಲು ಪುರಸೊತ್ತೆಲ್ಲಿ? ನಾದಿನಿ ಗಂಟನ್ನು ಹಾಗೆಯೇ ಸಭೆಗೆ ಹೊತ್ತೊಯ್ದಳು. "ಇದರ ಒಂದೊಂದು ತುಂಡೂ ನಮ್ಮ ಮನೆಯಲ್ಲಿ ಹತ್ತು ವರ್ಷ ಬಾಳಿದೆ" ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಘೋಷಿಸಿ, ಮೇಜಿನ ಮೇಲೆ ಹರವಿದಳು. ಮುಂದೆ ಕೂತಿದ್ದ ಅಧಿಕಾರಿಣಿಯೊಬ್ಬರು ಕನ್ನಡಕ ಹಾಕಿಕೊಂಡು ಒಂದು ಮೂಲೆಯನ್ನು ಮಗುಚಿದರು. ಅಲ್ಲಿ ಮಿಲ್ಲಿನ ಬಂಗಾರದ ಮುದ್ರೆ ಫಳಫಳ ಹೊಳೆಯುತ್ತಿತ್ತು! ಕೆಳಗೆ, ಬಣ್ಣ ಬಿಡುವುದಿಲ್ಲವೆಂಬ ಗ್ಯಾರಂಟಿ ಬೇರೆ.

ಅಂದು ಸಂಜೆ ಫೋನು ಬಂತು. "ವೈನಿ, ಖರೇ ಹೇಳ್ರಿ. ಇದು ಯಾವ ಕೌದಿ?"

ಹೇಳಿದೆ. ಆ ಕಡೆ ನಗು. ನಗು ಎಲ್ಲಿ ನಿಂತಿತು, ಮೂಗು ಸೀಟುವುದು ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ.

"ಅವ್ವಗ ಹೇಳಬ್ಯಾಡ್ರಿ. ಫೋನ್ ಆಕಿ ಕೈಯಾಗ ಕೊಡ್ರಿ... ಅವ್ವ, ಎಲ್ಲಾರೂ ಭಾಳ ಛಲೋ ಐತಿ ಅಂದ್ರು. ಬಾಗಲದಾಗ ಗ್ವಾಡಿಗೆ ಹಾಕತೇವಿ, ಕೊಡು ಅನ್ನಾಕತ್ತಾರ!"

ಅದು ಸುಳ್ಳಲ್ಲ. ಮಾತು ವಿಷಯಕ್ಕೆ ಹೊಂದಲಿಲ್ಲವೆಂದು ಆರು ತಿಂಗಳ ಕೆಲಸವನ್ನು ಬೇರೆಯವರಿಗೆ ಕೊಟ್ಟ ಸಂಸ್ಥೆಗೆ, ಕೌದಿ ಮಾತ್ರ ಬೇಕಾಗಿತ್ತು. ಅತ್ತೆಯವರಿಗೆ ತಿಳಿದದ್ದು ಗೋಡೆಯ ಸುದ್ದಿ ಮಾತ್ರ. ನಾವಿರುವ ಕಾಗದದ ಕಾರ್ಖಾನೆಯ ಕಾಲೊನಿಯಲ್ಲಿ ಅದನ್ನು ಕೇಳದ ಮನೆ ಉಳಿಯಲಿಲ್ಲ.

ಏಪ್ರಿಲ್‌ನಲ್ಲಿ ನಾದಿನಿ ಬಂದಳು. ಪರದೇಶದಿಂದ ಮಗಳು ಏನು ತಂದಿದ್ದಾಳೆಂದು ಅತ್ತೆಯವರು ಚೀಲ ಬಿಚ್ಚಿದರೆ, ಮೇಲೆಯೇ ಕೌದಿ! ಅಂಚಿನ ನೂಲು ಎದ್ದಿತ್ತು, ಒಂದು ಕಡೆ ಚಹಾದ ಕಲೆ, ಬಂಗಾರದ ಮುದ್ರೆ ಎಲ್ಲಿತ್ತೋ ಗುರುತೇ ಇಲ್ಲ.

"ಇದನ್ಯಾಕ ವಾಪಸ್ ತಂದಿ? ಗ್ವಾಡಿಗೆ ಹಾಕತೇವಿ ಅಂದಿದ್ರಲ್ಲ?"

"ಕೇಳಿದ್ರು. ನಾ ಕೊಡಲಿಲ್ಲ."

"ಹುಚ್ಚಿ! ಅಷ್ಟು ದೊಡ್ಡ ಮಂದಿ ಕೇಳಿದ್ರ ಕೊಡಬಾರದೇನ?"

ಯಾವ ಪ್ರಶ್ನೆಗಾದರೂ ಬಾಣದ ಗುರುತು ಹಾಕಿ ಉತ್ತರ ಕೊಡುವ ಹುಡುಗಿ, ಕೆಳಗೆ ನೋಡುತ್ತ ನಿಂತಳು.

"ಗ್ವಾಡಿಗೆ ಥಂಡಿ ಹತ್ತಾಂಗಿಲ್ಲವ್ವ. ನನಗ ಹತ್ತತಿತ್ತು."

ಏಪ್ರಿಲ್‌ನ ಆ ಮಟಮಟ ಮಧ್ಯಾಹ್ನದಲ್ಲಿ, ಫ್ಯಾನಿನ ಕೆಳಗೂ ಎಲ್ಲರೂ ಬೆವರುತ್ತಿದ್ದಾಗ, ಅತ್ತೆಯವರು ಕೌದಿಯನ್ನು ಬಿಡಿಸಿ ಮಗಳ ಹೆಗಲ ತುಂಬ ಹೊದಿಸಿದರು. ಅವಳೂ ಬೇಡವೆನ್ನಲಿಲ್ಲ.