ಪಡುವಣದ ಹುಂಜ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಹುಂಜ. ಜೀವವಿದ್ದ ಹುಂಜವೂ ಅಲ್ಲ. ಹೆಬ್ಬೆರಳ ಉಗುರಿನಷ್ಟೇ ಅಗಲ, ಕೆಂಪು ಜುಟ್ಟು, ಹಳದಿ ಕಾಲು, ಮಕ್ಕಳ ಆಟದ ಬೋರ್ಡಿನ ಮೂಲೆಯಲ್ಲಿ ಅಚ್ಚಾಗಿ ಕೂತದ್ದು.

ಅದನ್ನು ಬರೆದವನು ನಕ್ಷೆ ಮಾಮ. ಹೆತ್ತವರು ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವನು ನಕ್ಷೆ ಮಾಮನೇ. ಆಟದ ಸಾಮಾನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಚಿತ್ರ ಬರೆಯುತ್ತಿದ್ದ. ಈ ವರ್ಷ ಅವನ ಕೈಯಿಂದ ಬಂದದ್ದು ‘ಊರು ಸುತ್ತು’ ಎಂಬ ಆಟ. ನಡುವೆ ಒಂದು ಬಾವಿ, ಸುತ್ತಲೂ ಚೌಕ ಚೌಕದ ಮನೆಗಳು, ಅವುಗಳಲ್ಲಿ ಅಲ್ಲಲ್ಲಿ ಶಾಲೆ, ಆಸ್ಪತ್ರೆ, ಗ್ರಂಥಾಲಯ, ಕೆಸರು ಹೊಂಡ. ಒಬ್ಬರು ‘ಉತ್ತರಕ್ಕೆ ಎರಡು ಮನೆ, ಪೂರ್ವಕ್ಕೆ ಐದು ಮನೆ’ ಎಂದು ದಾರಿ ಕೂಗಬೇಕು, ಮಕ್ಕಳು ಕಾಯಿ ನಡೆಸಬೇಕು. ಓದು ಬಾರದ ಪುಟಾಣಿಗಳಿಗೂ ತಿಳಿಯಲಿ ಎಂದು ದಿಕ್ಕು ತೋರಿಸುವ ಚಕ್ರದಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ: ಉತ್ತರಕ್ಕೆ ನಕ್ಷತ್ರ, ದಕ್ಷಿಣಕ್ಕೆ ಮೀನು, ಬೆಳಗಾಗುವ ಪೂರ್ವಕ್ಕೆ ಹುಂಜ, ಕತ್ತಲಾಗುವ ಪಶ್ಚಿಮಕ್ಕೆ ಗೂಬೆ.

ಆ ದಿನ ಮಧ್ಯಾಹ್ನ ಮೂರಕ್ಕೆ ಮಗಳ ಶಾಲೆಯಲ್ಲಿ ಈ ಆಟದ ಸ್ಪರ್ಧೆ. ಎಂಟು ಶಾಲೆಗಳಿಂದ ಎಂಟು ಮಕ್ಕಳು, ಅವರಲ್ಲಿ ಒಬ್ಬಳು ನಕ್ಷೆ ಮಾಮನ ಮಗಳು. ಗೆದ್ದವರಿಗೆ ಒಳಗೆ ದೀಪ ಉರಿಯುವ ಭೂಗೋಳ. ಮಗಳ ಕಣ್ಣು ಭೂಗೋಳದ ಮೇಲಿತ್ತು. ಅಪ್ಪನ ಜೀವ ಇನ್ನೊಂದರ ಮೇಲಿತ್ತು. ಮಾತು ಕಲಿತಾಗಿನಿಂದ ಆ ಹುಡುಗಿ ಕಂಡಕಂಡವರ ಮುಂದೆ ಒಂದು ಮಾತು ಹೇಳುತ್ತಿದ್ದಳು: “ನಮ್ಮಪ್ಪಂಗೆ ದಾರಿ ತಪ್ಪೋದೇ ಇಲ್ಲ.” ಮನೆಯಲ್ಲಿ ಬೇರೆ ಯಾವ ವಿಷಯದಲ್ಲೂ ಅವನಿಗೆ ಅಂಥ ಬಿರುದು ಸಿಕ್ಕಿರಲಿಲ್ಲ. ಆ ಒಂದನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ.

ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಪಕ್ಕದ ಮನೆಯ ಟಪಾಲು ತಾತ ಎಂದಿನಂತೆ ಪೇಪರ್ ಓದಲು ಬಂದರು. ಮಗಳು ಅಭ್ಯಾಸ ಮಾಡುತ್ತಿದ್ದ ಬೋರ್ಡು ಚಾಪೆಯ ಮೇಲೆ ಹರಡಿತ್ತು. ತಾತ ಕನ್ನಡಕ ಏರಿಸಿ ಅದನ್ನೇ ನೋಡಿದರು.

“ಅಲ್ಲಯ್ಯ, ಮೂವತ್ತೆರಡು ವರ್ಷ ಕಾಗದ ಹಂಚಿದೀನಿ. ಎಂಥೆಂಥ ಊರು ನೋಡಿದೀನಿ. ಹುಂಜ ಪಶ್ಚಿಮದಲ್ಲಿ ಕೂತು ಕೂಗೋ ಊರು ಮಾತ್ರ ನೋಡಿರ್ಲಿಲ್ಲ.”

ನಕ್ಷೆ ಮಾಮ ನಗುತ್ತಲೇ ಬಗ್ಗಿ ನೋಡಿದ. ನಕ್ಷತ್ರ ಮೇಲಿದೆ, ಸರಿ. ಮೀನು ಕೆಳಗಿದೆ, ಸರಿ. ಬಲಗಡೆ ಹುಂಜ ಇರಬೇಕಾದಲ್ಲಿ ಗೂಬೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ಚಕ್ರವನ್ನು ಬೇರೆ ತೆಳು ಕಾಗದದಲ್ಲಿ ಬರೆದು ಕೊನೆಗೆ ನಕ್ಷೆಯ ಮೇಲೆ ಅಂಟಿಸುವಾಗ ಕಾಗದ ಮಗುಚಿಕೊಂಡಿತ್ತು. ನಕ್ಷತ್ರವನ್ನು ಹಿಂದಿನಿಂದ ನೋಡಿದರೂ ನಕ್ಷತ್ರವೇ. ಅವನು ಮೋಸ ಹೋಗಿದ್ದ. ನಾಲ್ಕು ಸಲ ಪರೀಕ್ಷಿಸಿ ಸಹಿ ಹಾಕಿದವನೂ ಅವನೇ.

“ಅದಕ್ಯಾಕ್ರೀ ಹಾಗೆ ಕುಸಿದು ಕೂತ್ರಿ?” ಎಂದಳು ಹೆಂಡತಿ. “ಶಾಲೆಗೆ ಹೋಗಿ ಮಗು ಹತ್ರ ‘ನಂದು ತಪ್ಪಾಗಿದೆ’ ಅಂತ ಹೇಳ್ಬಿಡಿ. ಕಾರ್ಖಾನೆ ಯಜಮಾನರಿಗೂ ಹೇಳಿ. ಮುಗೀತು.”

“ಮುಗಿಯೋದು ನನ್ನ ಮರ್ಯಾದೆ ಕಣೇ. ಅಷ್ಟು ಜನರ ಮುಂದೆ ಅವಳ ಅಪ್ಪ ಪೆದ್ದ ಅಂತ ಗೊತ್ತಾಗ್ಬೇಕಾ?”

ಹೆಂಡತಿಯ ಮಾತು ಕೇಳಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಮುಂದೆ ಎಷ್ಟೋ ದಿನ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಸುಮ್ಮನೆ ಗೋಡೆ ನೋಡುವಾಗ ಅವನು ಇದನ್ನೇ ನೆನೆದು ಹಲುಬಿದ. ಆದರೆ ಆ ಬೆಳಿಗ್ಗೆ ಅವನ ತಲೆಗೆ ಹೊಳೆದದ್ದು ಸ್ಟಿಕ್ಕರ್.

ಕಾರ್ಖಾನೆಗೆ ಫೋನು ಮಾಡಿ ಹೊಟ್ಟೆನೋವು ಎಂದ. ಯಜಮಾನರು ಬೋರ್ಡುಗಳನ್ನು ತೆಗೆದುಕೊಂಡು ಆಗಲೇ ಶಾಲೆಗೆ ಹೋಗಿಯಾಯಿತು ಎಂದು ಉತ್ತರ ಬಂತು. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಅಂಟುಕಾಗದದ ಹಾಳೆ ಹರಡಿ, ಎಂಟು ಹುಂಜ, ಎಂಟು ಗೂಬೆ ಬರೆಯಲು ಕೂತ. ಹುಂಜ ಇದ್ದ ಕಡೆ ಗೂಬೆ, ಗೂಬೆ ಇದ್ದ ಕಡೆ ಹುಂಜ. ಗುಟ್ಟಾಗಿ ಅಂಟಿಸಿಬಿಟ್ಟರೆ ನರಪಿಳ್ಳೆಗೂ ತಿಳಿಯುವುದಿಲ್ಲ.

ಟಪಾಲು ತಾತ ಕಾಗದ ಹಂಚುವುದು ನಿಲ್ಲಿಸಿ ಎಂಟು ವರ್ಷವಾಗಿದ್ದರೂ ಸುದ್ದಿ ಹಂಚುವುದು ನಿಲ್ಲಿಸಿರಲಿಲ್ಲ. ಅರ್ಧ ಗಂಟೆಯಲ್ಲಿ ಮೇಲಿನ ಮನೆಯ ಮಹಡಿ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದರು.

“ನೋಡೋಣ, ಏನು ಬರೀತಾ ಇದ್ದೀರಿ? ಅಯ್ಯೋ, ಈ ಗೂಬೆ ಯಾಕೆ ಇಷ್ಟು ಬಡಕಲಾಗಿದೆ?”

“ಅದು ಹುಂಜ, ಅಕ್ಕ.”

“ಹುಂಜಾನಾ? ಜ್ವರ ಬಂದಿತ್ತಾ ಅದಕ್ಕೆ?”

“ಬಾಲ ಇನ್ನೂ ಮೇಲಕ್ಕೆ ಬರಬೇಕು” ಎಂದರು ತಾತ, ಭುಜದ ಮೇಲಿಂದ ಬಗ್ಗಿ. “ನಮ್ಮ ಆಫೀಸಿನ ಹಿಂದೆ ಒಂದು ಹುಂಜ ಇತ್ತು...”

ಆ ಹುಂಜದ ಚರಿತ್ರೆ ಮುಗಿಯುವಷ್ಟರಲ್ಲಿ ಹನ್ನೆರಡು ಗಂಟೆ. ನಕ್ಷೆ ಮಾಮ ಹದಿನಾರೂ ಹಕ್ಕಿಗಳನ್ನು ಕತ್ತರಿಸಿ, ಹಿಂದಿನ ಕಾಗದ ಸುಲಿದು, ಬಣ್ಣ ಆರಲೆಂದು ತಟ್ಟೆಯ ಅಂಚಿಗೆ ಮೆಲ್ಲಗೆ ತಗುಲಿಸಿಟ್ಟ. “ಏನು ಸೆಖೆ!” ಎನ್ನುತ್ತ ಮಹಡಿ ಅಕ್ಕ ಫ್ಯಾನ್ ಹಾಕಿದರು.

ಹದಿನಾರು ಹಕ್ಕಿಗಳೂ ಹಾರಿದವು. ಒಂದು ಗೂಬೆ ಹಾಲಿನ ಪಾತ್ರೆಯ ಮೇಲೆ, ಎರಡು ಹುಂಜ ಕನ್ನಡಿಯ ಮೇಲೆ, ಒಂದು ಹೆಂಡತಿಯ ಹಣೆಯ ಮೇಲೆ. ಮಂಡಿಯೂರಿ ಹುಡುಕಿ ಹದಿನೈದನ್ನು ಒಟ್ಟುಗೂಡಿಸಿದರು. ಒಂದು ಹುಂಜ ಮಾತ್ರ ಪತ್ತೆಯಿಲ್ಲ. ಅದು ಟಪಾಲು ತಾತನ ಪೈಜಾಮದ ಹಿಂಭಾಗದಲ್ಲಿ ಕೂತು, ಅವರ ಜೊತೆಗೇ ಕಣ್ಣಿನ ಡಾಕ್ಟರ ಹತ್ತಿರ ಹೊರಟು ಹೋಗಿತ್ತು ಎಂದು ಗೊತ್ತಾದದ್ದು ಸಂಜೆ. ಇನ್ನೊಂದು ಬರೆಯೋಣವೆಂದರೆ ಅಂಟುಕಾಗದ ಮುಗಿದಿತ್ತು. ಏಳು ಬೋರ್ಡಿಗೆ ಆಗುವಷ್ಟು ಹಕ್ಕಿಗಳನ್ನು ಹಳೇ ಕ್ಯಾಲೆಂಡರಿನ ನುಣುಪು ಹಾಳೆಗೆ ಮೆತ್ತಿಕೊಂಡು ಅವನು ಶಾಲೆಗೆ ಓಡಿದ.

ಗೇಟಿನಲ್ಲಿ ಗಂಟೆಯಣ್ಣ ಅಡ್ಡ ನಿಂತ. ಶಾಲೆಯ ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು, ಬೀಗ ಹಾಕುವುದು ಎಲ್ಲ ಅವನ ಆಡಳಿತ.

“ಸ್ಪರ್ಧೆ ಮಕ್ಕಳ ಮನೆಯವರು ಮೂರು ಗಂಟೆ ತನಕ ಒಳಗೆ ಬರೋ ಹಾಗಿಲ್ಲ ಸ್ವಾಮಿ. ಹೆಡ್ ಮೇಡಂ ಆರ್ಡರು.”

ಅಷ್ಟರಲ್ಲಿ ಊಟದ ಬಿಡುವಿನಲ್ಲಿದ್ದ ಮಗಳು ಅಪ್ಪನನ್ನು ಕಂಡು ಓಡಿಬಂದಳು. ಗೇಟಿನ ಸರಳುಗಳ ನಡುವಿನಿಂದ ಅವನ ಬೆರಳು ಹಿಡಿದಳು.

“ಅಪ್ಪ, ಇಷ್ಟು ಬೇಗ ಬಂದ್ಬಿಟ್ಯಾ?”

ಇದೇ ಸಮಯ, ಹೇಳಿಬಿಡು ಎಂದಿತು ಒಳಮನಸ್ಸು. ಅವನು ಗಂಟಲು ಸರಿಮಾಡಿಕೊಂಡ. “ಪುಟ್ಟಾ, ಆ ಬೋರ್ಡಲ್ಲಿ...”

“ಬೋರ್ಡಲ್ಲಿ ಏನಪ್ಪ?” ಅವಳ ಮುಖ ಯಾಕೋ ಸಣ್ಣಗಾಯಿತು.

“ಏನಿಲ್ಲ. ಚೆನ್ನಾಗಿ ಆಡು ಅಂದೆ.”

“ಹ್ಞೂಂ. ಬೋರ್ಡು ತುಂಬಾ ಚೆನ್ನಾಗಿದೆ ಅಪ್ಪ. ಒಂದೂ ತಪ್ಪಿಲ್ಲ” ಎಂದಳು ಅವಳು, ಕೇಳದಿದ್ದರೂ. ಆಮೇಲೆ ಓಡಿಹೋದಳು. ಇಷ್ಟು ನಂಬಿದವಳನ್ನು ಹೇಗೆ ಕೆಳಗೆ ಬೀಳಿಸುವುದು? ಅವನು ಗಂಟೆಯಣ್ಣನ ಕೈಗೆ ಕ್ಯಾಲೆಂಡರ್ ಹಾಳೆಯನ್ನೂ, ಒಂದಿಷ್ಟು ಬೇಡಿಕೆಯನ್ನೂ ದಾಟಿಸಿದ.

“ಅಣ್ಣ, ನಿನ್ನ ಕಾಲು ಹಿಡೀತೀನಿ. ಸಭಾಂಗಣದಲ್ಲಿ ಬೋರ್ಡ್ ಇಟ್ಟಿದಾರಲ್ಲ, ಮೂಲೆಯಲ್ಲಿ ಹುಂಜ ಇದ್ದ ಕಡೆ ಗೂಬೆ ಅಂಟಿಸು, ಗೂಬೆ ಇದ್ದ ಕಡೆ ಹುಂಜ. ಯಾರಿಗೂ ಗೊತ್ತಾಗ್ಬಾರ್ದು.”

“ಹುಂಜದ ಮೇಲೆ ಗೂಬೆ, ಗೂಬೆ ಮೇಲೆ ಹುಂಜ. ಇಷ್ಟೇ ತಾನೆ? ನಾನೇನ್ ಚಿಕ್ಕ ಮಗುನಾ?”

“ಏಳಕ್ಕೆ ಮಾತ್ರ ಸಾಲುತ್ತೆ. ಒಂದು ಹಾಗೇ ಉಳಿಯುತ್ತೆ. ಆದ್ರೆ ಮೂರನೇ ನಂಬರ್ ಬೋರ್ಡಿಗೆ ಮೊದಲು ಅಂಟಿಸ್ಬೇಕು. ಅದು ನನ್ನ ಮಗಳದು.”

ಉಳಿದ ಆ ಒಂದು ಬೋರ್ಡಿನ ಮಗುವಿಗೆ ಅನ್ಯಾಯವಾಗುತ್ತದಲ್ಲ ಎಂದು ಮನಸ್ಸು ಚುಚ್ಚಿತು. ಯಾರದೋ ಮಗು, ಯಾವ ಊರಿನದೋ ಎಂದು ಅವನು ಮನಸ್ಸಿನ ಬಾಯಿ ಮುಚ್ಚಿಸಿದ. ಹತ್ತು ನಿಮಿಷದಲ್ಲಿ ಗಂಟೆಯಣ್ಣ ಕಿಟಕಿಯಿಂದ ಹೆಬ್ಬೆರಳು ಎತ್ತಿ ತೋರಿಸಿದಾಗ ಬೆಳಗಿನಿಂದ ಮೊದಲ ಬಾರಿಗೆ ನಕ್ಷೆ ಮಾಮ ನೆಟ್ಟಗೆ ಉಸಿರಾಡಿದ.

ಮೂರಕ್ಕೆ ಸ್ಪರ್ಧೆ ಶುರುವಾಯಿತು. ಎಂಟು ಮಕ್ಕಳು ಮುಂದೆ ಸಾಲಾಗಿ, ಪ್ರೇಕ್ಷಕರಿಗೆ ಬೆನ್ನು ಹಾಕಿ ಕೂತಿದ್ದರು. ಕೊನೆಯ ಸಾಲಿನಲ್ಲಿದ್ದ ನಕ್ಷೆ ಮಾಮನಿಗೆ ಮಗಳ ಎರಡು ಜಡೆ ಮಾತ್ರ ಕಾಣುತ್ತಿದ್ದವು. ವೇದಿಕೆಯ ಮೇಲೆ ಬಹುಮಾನ ಕೊಡಲು ಬಂದ ಅಧಿಕಾರಿ, ಪಕ್ಕದಲ್ಲಿ ಚೀಟಿ ಹಿಡಿದ ಕಾರ್ಖಾನೆಯ ಯಜಮಾನರು.

“ಬಾವಿಯಿಂದ ಉತ್ತರಕ್ಕೆ ಎರಡು ಮನೆ” ಎಂದು ಯಜಮಾನರು ಕೂಗಿದರು. ಎಂಟು ಕಾಯಿಗಳು ಮೇಲೆ ಸರಿದವು. “ಅಲ್ಲಿಂದ ಪೂರ್ವಕ್ಕೆ ಐದು ಮನೆ.”

ಮಗಳ ಕೈ ಎದ್ದಿತು, ನಿಂತಿತು. ಅವಳು ಬೋರ್ಡಿನ ಮೂಲೆಯನ್ನೇ ನೋಡಿದಳು. ಆಮೇಲೆ ಹಿಂದೆ ತಿರುಗಿ ಸಾಲು ಸಾಲು ಹುಡುಕಿ ಅಪ್ಪನನ್ನು ಕಂಡುಹಿಡಿದಳು. ಅವನು ಎಲ್ಲ ಹಲ್ಲೂ ಕಾಣುವಂತೆ ನಕ್ಕು, ‘ನಡೆಸು, ನಡೆಸು’ ಎಂದು ಕೈಸನ್ನೆ ಮಾಡಿದ. ಅವಳು ತಿರುಗಿ ಕಾಯಿ ನಡೆಸಿದಳು.

ಯಜಮಾನರು ಸಾಲಿನ ಉದ್ದಕ್ಕೂ ನಡೆದರು. “ಎಲ್ಲಿಗೆ ಬಂದೆ?” “ಕೆಸರು ಹೊಂಡ.” “ನೀನು?” “ಕೆಸರು ಹೊಂಡ.” ಮೂರನೇ ಬೋರ್ಡು, ಕೆಸರು ಹೊಂಡ. ನಾಲ್ಕು, ಐದು, ಆರು, ಏಳು, ಎಲ್ಲರೂ ಕೆಸರಲ್ಲೇ. ಪ್ರೇಕ್ಷಕರು ಮುಸಿಮುಸಿ ನಕ್ಕರು. ಕೊನೆಯಲ್ಲಿ, ರಿಬ್ಬನ್ನಿನ ತುದಿ ಅಗಿಯುತ್ತ ಕೂತಿದ್ದ ಪುಟ್ಟ ಹುಡುಗಿ “ಗ್ರಂಥಾಲಯ” ಎಂದಳು, ತನ್ನದೇ ತಪ್ಪೇನೋ ಎಂಬಂತೆ ಹೆದರಿ.

ಅಧಿಕಾರಿಗೆ ಇನ್ನೊಂದು ಸಭೆಗೆ ಹೊತ್ತಾಗಿತ್ತು. ಭೂಗೋಳ ಆ ಹುಡುಗಿಯ ಮಡಿಲು ಸೇರಿತು, ಫೋಟೋ ಆಯಿತು, ಅಧಿಕಾರಿಯ ಕಾರು ಹೊರಟೂ ಹೋಯಿತು.

ನಕ್ಷೆ ಮಾಮನಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಪುಸ್ತಕದ ಚೀಲ ತರಲು ಕ್ಲಾಸಿಗೆ ಹೋದಾಗ ಅವನು ಮುಂದೆ ಬಂದ. ಯಜಮಾನರು ಮೂರನೇ ಬೋರ್ಡನ್ನು ಬೆಳಕಿಗೆ ಹಿಡಿದು ಉಗುರಿನಿಂದ ಕೆರೆಯುತ್ತಿದ್ದರು. ಗೂಬೆ ಎದ್ದುಬಂತು. ಅದರ ಅಡಿಯಲ್ಲಿ, ಬಲಗಡೆ, ಇರಬೇಕಾದ ಜಾಗದಲ್ಲೇ, ಥಳಥಳ ಹೊಳೆಯುವ ಹೊಸ ಹುಂಜ.

“ಹೊಟ್ಟೆನೋವು ಹೇಗಿದೆ?” ಎಂದರು ಯಜಮಾನರು. “ಬಂದದ್ದು ಒಳ್ಳೇದಾಯ್ತು. ನಿಮಗೆ ಹೇಳಬಾರದು ಅಂತಿದ್ದೆ, ಮಾತು ಕೊಟ್ಟಿದ್ದೆ. ನೀವು ಬರೆದ ಚಕ್ರ ತಿರುಗುಮುರುಗಾಗಿತ್ತು. ಮೂರು ದಿನದ ಹಿಂದೆ ನಿಮ್ಮ ಮಗಳು ಶಾಲೆ ಬಿಟ್ಟ ಮೇಲೆ ಒಬ್ಬಳೇ ಬಂದು ತೋರಿಸಿದಳು. ‘ಅಪ್ಪಂಗೆ ಹೇಳ್ಬೇಡಿ, ತುಂಬಾ ನೊಂದ್ಕೋತಾರೆ’ ಅಂತ ಕೈ ಮೇಲೆ ಕೈ ಹಾಕಿಸ್ಕೊಂಡಳು. ನಿನ್ನೆ ಸಂಜೆ ನಿಂತು ಎಂಟಕ್ಕೂ ಹೊಸ ಚಕ್ರ ಅಂಟಿಸಿದೆ. ಈಗ ಯಾವ ಪುಣ್ಯಾತ್ಮ ಇದರ ಮೇಲೆ...”

“ನಾನೇ ಸ್ವಾಮಿ!” ಗಂಟೆಯಣ್ಣ ಹೆಮ್ಮೆಯಿಂದ ಮುಂದೆ ಬಂದ. “ಇವರು ಹೇಳಿದ ಹಾಗೇ ಏಳಕ್ಕೂ ಅಂಟಿಸಿದೀನಿ. ಮೂರನೇದಕ್ಕೆ ಮೊದಲು.”

ಯಜಮಾನರು ನಕ್ಷೆ ಮಾಮನ ಕಡೆ ತಿರುಗಿದರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. “ನಾಳೆ ಬನ್ನಿ, ಮಾತಾಡೋಣ” ಎಂದು ಬೋರ್ಡುಗಳನ್ನು ಜೋಡಿಸತೊಡಗಿದರು.

ಅಪ್ಪ, ಮಗಳು ಕೈ ಹಿಡಿದು ಮನೆಯ ಕಡೆ ಹೊರಟರು.

“ಪೂರ್ವ ಬಲಗಡೆ ಅಂತ ನಿಂಗೆ ಗೊತ್ತಿತ್ತಲ್ಲ ಪುಟ್ಟಾ” ಎಂದ ಅವನು. “ಮತ್ತೆ ಯಾಕೆ ಎಡಗಡೆ ಹೋದೆ?”

ಅವಳಿಗೆ ಗಾಬರಿಯಾಯಿತು, ಅಪ್ಪನಿಗೆ ಗೊತ್ತಾಗಿಬಿಟ್ಟಿದೆ. ನೆಲ ನೋಡುತ್ತ ಹೇಳಿದಳು: “ನಾನೊಬ್ಳೇ ಬಲಗಡೆ ಹೋಗಿದ್ರೆ ಯಾಕೆ ಅಂತ ಎಲ್ರೂ ಬೋರ್ಡ್ ನೋಡ್ತಿದ್ರು. ಯಾರು ಬರೆದದ್ದು ಅಂತ ಕೇಳ್ತಿದ್ರು. ನೀನು ಬೇರೆ ಅಲ್ಲಿ ನಗ್ತಾ ಕೂತಿದ್ದೆ.” ಆಮೇಲೆ ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. “ಯಜಮಾನ್ರು ಸರಿ ಮಾಡಿಸ್ತೀನಿ ಅಂದಿದ್ರು. ಪಾಪ, ಮರೆತುಬಿಟ್ಟಿದಾರೆ. ನಿಂದೇನ್ ತಪ್ಪಿಲ್ಲ ಬಿಡಪ್ಪ.”

ಬೆಳಗಿನಿಂದ ಅವನು ಯಾವುದಕ್ಕಾಗಿ ಬಿದ್ದು ಎದ್ದು ಓಡಿದ್ದನೋ ಅದನ್ನು ಮಗಳು ತಾನಾಗಿಯೇ ತಂದು ಕೈಗಿಟ್ಟಿದ್ದಳು. ಸುಮ್ಮನೆ ಹ್ಞೂಂ ಎಂದರೆ ಸಾಕಿತ್ತು. ಅವನಿಗೆ ನಾಚಿಕೆಯಾಯಿತು. ಹತ್ತು ವರ್ಷದ ಮಗು ಅಪ್ಪನಿಗೋಸ್ಕರ ತಿಳಿದೂ ತಿಳಿದೂ ಕೆಸರಿಗೆ ಇಳಿದಿದೆ. ಒಂದು ತಪ್ಪು ಒಪ್ಪಿಕೊಳ್ಳಲು ಇವನಿಗೆ ಇಡೀ ದಿನ ಸಾಕಾಗಿರಲಿಲ್ಲ.

“ಅವರು ಮರೆತಿರ್ಲಿಲ್ಲ ಕಣೇ” ಎಂದ. “ಸರಿಯಾಗೇ ಮಾಡಿಸಿದ್ರು. ನಾನು ಗೊತ್ತಿಲ್ದೆ, ಅದರ ಮೇಲೆ ಮತ್ತೆ ಉಲ್ಟಾ ಅಂಟಿಸ್ಬಿಟ್ಟೆ.”

ಮಗಳು ನಾಲ್ಕು ಹೆಜ್ಜೆ ಲೆಕ್ಕ ಹಾಕುವವಳಂತೆ ನಡೆದಳು.

“ಎರಡು ಸಲಾನೂ ನೀನೇನಾ?”

“ಎರಡು ಸಲಾನೂ ನಾನೇ.”

ಅವಳು ಕೈ ಬಿಡಿಸಿಕೊಂಡಳು. ಸಿಟ್ಟಿನಿಂದೇನೂ ಅಲ್ಲ, ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳಬೇಕಿತ್ತು. ಅಷ್ಟರಲ್ಲಿ ರಸ್ತೆ ಕವಲೊಡೆಯುವ ಜಾಗ ಬಂತು. ನಕ್ಷೆ ಮಾಮ ದಿನದ ಅಭ್ಯಾಸದಂತೆ ಬಲಗಡೆಯ ಓಣಿಗೆ ಕಾಲಿಟ್ಟ.

“ತಾಳಪ್ಪ” ಎಂದಳು ಮಗಳು. ಎರಡೂ ಕಡೆ ಕತ್ತು ತಿರುಗಿಸಿ ನೋಡಿ, ಎಡಗಡೆಯ ರಸ್ತೆ ಹಿಡಿದಳು. “ನಾನ್ ಮುಂದೆ ಹೋಗ್ತೀನಿ. ನೀನು ನನ್ನ ಹಿಂದೆ ಬಾ.”

ಬಲಗಡೆಯ ಓಣಿಯೇ ಸರಿ; ಐದು ನಿಮಿಷದಲ್ಲಿ ಮನೆ. ಅವಳು ಹಿಡಿದದ್ದು ಅರ್ಧ ಊರು ಸುತ್ತಿ ಬರುವ ದಾರಿ. ಅವನು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ, ಅವಳ ಹಿಂದೆ ನಡೆದ.