ವಿಮಾನಕ್ಕೊಂದು ಪಂಖಾ ಹುಡುಕಿದ್ದು

ಕೆಲವರಿಗೆ ಕುಂತಲ್ಲಿ ಕುಂದರಾಕ ಆಗಂಗಿಲ್ಲ. ಅಂಥವರ ಮನಿಗೆ ಫಜೀತಿ ಕರೀದನ ಬರತೈತಿ, ಬಂದದ್ದು ಹೋಗಂಗಿಲ್ಲ. ನಾನೂ ಅದ ಪೈಕಿ. ಸಿಂಧನೂರಾಗ ಪಂಪ್‌ಸೆಟ್ ರಿಪೇರಿ ಅಂಗಡಿ ಇಟಗೊಂಡು ತಣ್ಣಗ ಇರೋದು ಬಿಟ್ಟು, ಎಂಬತ್ತರ ದಶಕದ ಕಡೀಗೆ ಒಬ್ಬರು ಕೂಡೋವಷ್ಟು ಸಣ್ಣ ವಿಮಾನ ಕಟ್ಟಾಕ ಹೊಂಟೆ. ಪೈಪಿನ ಮೈ, ಬಟ್ಟಿ ರೆಕ್ಕಿ, ಹಳೇ ಕಾರಿನ ಇಂಜಿನ್, ಎಲ್ಲಾ ಆತು. ಮೂತಿಗೆ ಹಾಕೋ ಪ್ರೊಪೆಲರ್, ನಮ್ಮ ಮಂದಿ ಬಾಯಾಗ ಪಂಖಾ, ಅದೊಂದು ಉಳೀತು.

ಓಡಸಾಕ ಜಾಗ ಬೇಕಲ್ಲ? ಬಳಗಾನೂರು ಹಂತ್ಯಾಕ ನಮ್ಮಣ್ಣನ ಗದ್ದಿ ಐತಿ. ನೆಲ್ಲು ಕೊಯ್ದು ಖಾಲಿ ಆಗಿತ್ತು.

"ಎರಡನೆ ಬೆಳಿಗೆ ಕಾಲುವಿ ನೀರು ಬಿಡೋತನ ಹೊಲ ನಿಂದು," ಅಂದ ಅಣ್ಣ. "ಅಷ್ಟರಾಗ ನಿನ್ನ ಆಟದ ಸಾಮಾನು ಒಂದರೆ ಕೆಲಸಕ್ಕ ಬರಲಿಲ್ಲಂದ್ರ, ಮತ್ತ ಹೊಲದ ಹೆಸರು ತೆಗೀಬ್ಯಾಡ."

ಹದಿನೈದು ದಿನ ಇತ್ತು. ಅವತ್ತಿನಿಂದ ನನಗ ಉಂಡದ್ದು ಮೈಗೆ ಹತ್ತಲಿಲ್ಲ. ಬೇರೆ ಹೊಲ ಯಾರು ಕೊಡತಾರ?

ಎರಡೋ, ಮೂರೋ?

ಚಾದ ಹೋಟೆಲಿನ್ಯಾಗ ವಿಮಾನದ ಚಿತ್ರ ಬಿಚ್ಚಿದೆ. ಚಿತ್ರದಾಗ ಪಂಖಾಕ್ಕ ಎರಡ ಎಸಳು. ಸುತ್ತ ನಿಂತ ಮಂದಿ ಹೌಹಾರಿದರು.

"ಮನ್ಯಾಗಿನ ಫ್ಯಾನಿಗೇ ಮೂರು ಅದಾವ. ವಿಮಾನಕ್ಕ ಎರಡೇನು? ಇಷ್ಟು ಜೀನತನ ಬ್ಯಾಡಲೇ!"

"ಎರಡು ಅಂದ್ರ ಒಂದ ಹಲಗ್ಯಾಗ ಕೆತ್ತಬಹುದ್ರೀ," ಅಂದೆ. ಯಾರು ಕೇಳತಾರ? ಮೂರು ಇದ್ದರ ಜೋರು, ನಾಕು ಇದ್ದರ ಇನ್ನೂ ಜೋರು ಅಂತ ಜಗಳ ಹತ್ತಿತು. ನನಗೂ ತಲಿ ತಿರುಗಿ, ಮೂರ ಮಾಡಲೇನು ಅನಿಸಾಕತ್ತಿತು. ಕಡೀಗೆ ಹೋಟೆಲ್ ಮಾಲಕ ಕಪ್ಪು ತೊಳಕೋತ ಮ್ಯಾಲೆ ನೋಡಿದ.

"ಮೂರು ಎಸಳಿಗೆ ಹಾರತೈತಂದ್ರ, ನಮ್ಮ ಈ ಫ್ಯಾನು ಎಂದೋ ಲಿಂಗಸುಗೂರು ಮುಟ್ಟಬೇಕಿತ್ತು."

ಎರಡ ಅಂತ ಖಾಯಂ ಆತು.

ಕಬ್ಬಿಣೋ, ಕಟ್ಟಿಗ್ಯೋ?

ಹಟ್ಟಿ ಬಂಗಾರದ ಗಣ್ಯಾಗ ಫಿಟರ್ ಇದ್ದ ನನ್ನ ದೋಸ್ತ್, ಕಟ್ಟಿಗಿ ಅಂದಕೂಡಲೆ ಮುಖ ಸಿಂಡರಿಸಿದ. "ಸೀಳಿ ಹೋಗತೈತಲೇ! ನಾ ಮಾಡತೀನಿ ತಡಿ," ಅಂದ. ನಾಕು ದಿನ ಕಾಯಿಸಿದ. ನನಗ ಒಂದೊಂದು ದಿನಾನೂ ಒಂದೊಂದು ವರ್ಷ ಆದಂಗ ಆತು. ಐದನೆ ದಿನ ಕಬ್ಬಿಣದ ತಗಡು ಬೆಸದು ಮಾಡಿದ ಪಂಖಾ ಟ್ರ್ಯಾಕ್ಟರಿನ್ಯಾಗ ಬಂತು. ಇಳಸಾಕ ನಾಕು ಮಂದಿ ಬೇಕಾದರು.

"ಇದನ್ನ ಎತ್ತಾಕ ನಾಕು ಮಂದಿ! ಇದು ನನ್ನ ಎತ್ತತೈತೇನೋ?"

"ನಾವು ದಿನಾ ಹೋಗೋದು ಭೂಮಿ ಕೆಳಗಪಾ," ಅಂದ ಅವ. "ಮ್ಯಾಲಿಂದು ನನಗೇನು ಗೊತ್ತು?"

ಮಸ್ಕಿ ಬಸ್ಸು

ಕಡೀಗೆ ಲಿಂಗಸುಗೂರಾಗ ಸಾಗವಾನಿ ಹಲಗಿ ಕೊಂಡು, ಮಸ್ಕಿಯ ಬಡಿಗೇರ ಅಜ್ಜನ ಮುಂದ ಇಟ್ಟೆ. ಮುತ್ತಿನಂಥ ಕೈ ಅಜ್ಜಂದು. ಚಿತ್ರ ನೋಡಿ, "ಯಾವ ಕಡಿ ತಿರುಗತೈತಪಾ?" ಅಂದ. ನಾನು ಕೈ ಎಡಕ್ಕ ತಿರುಗಿಸಿ ತೋರಿಸಿದೆ.

"ಎಡಕ್ಕ?" ಅಂತ ಹುಬ್ಬು ಗಂಟಿಕ್ಕಿದ. ಬಸ್ಸಿಗೆ ಹೊತ್ತಾಗಿತ್ತು, ನಾನು ನಿಲ್ಲಲಿಲ್ಲ.

ವಾರಕ್ಕ ಪಂಖಾ ತಯಾರಾತು. ಕನ್ನಡಿಯಂಗ ಹೊಳೀತಿತ್ತು. ಆಳೆತ್ತರದ್ದನ್ನ ತಬ್ಬಿಕೊಂಡು ಸಿಂಧನೂರು ಬಸ್ಸು ಹತ್ತಿದೆ. ಕಂಡಕ್ಟರ್ ತಡದ.

"ಏನ್ರೀ ಇದು?"

"ವಿಮಾನದ ಪಂಖಾ."

"ಯಾರ ವಿಮಾನ?"

"ನಂದ್ರೀ."

ಮ್ಯಾಲಿಂದ ಕೆಳತನ ನನ್ನ ನೋಡಿದ. "ಸ್ವಂತ ವಿಮಾನ ಇಟಗೊಂಡು ನಮ್ಮ ಬಸ್ಸಿನ್ಯಾಗ ಯಾಕ ಗದ್ದಲ ಮಾಡತೀರಿ?"

ಕಡೀ ದಿನ

ಮರುದಿನ ಮುಂಜಾನೆ ಗದ್ದಿಗೆ ನೀರು ಬಿಡೋದಿತ್ತು. ನನಗ ಇದ್ದದ್ದು ಅದೊಂದ ದಿನ. ಅಣ್ಣನ ಪಾಡೂ ಅಷ್ಟ. ಹೊಲದ ಮೂಲ್ಯಾಗ ಕಣ ಮಾಡಿ ನೆಲ್ಲಿನ ರಾಶಿ ಹಾಕಿದ್ದ, ತೂರಾಕ ಗಾಳಿ ಬೇಕು, ಎರಡು ದಿನದಿಂದ ಒಂದು ಎಲಿ ಅಳ್ಳಾಡಿರಲಿಲ್ಲ. ತೂರೋ ಮೊರ ಹಿಡಕೊಂಡು ಮುಗಲು ಬೈಕೋತ ನಿಂತಿದ್ದ. ಬಡಿಗೇರ ಅಜ್ಜನೂ ತನ್ನ ಕೆಲಸ ನೋಡಾಕ ಬಂದಿದ್ದ.

ನಾನು ಏರಿ ಕುಂತೆ. ಫಿಟರ್ ದೋಸ್ತ್ ಪಂಖಾ ಜಗ್ಗಿ ತಿರುವಿದ. ಇಂಜಿನ್ ಗುರ್ ಅಂತು. ಗಾಡಿ ಅಳ್ಳಾಡಿತು, ಹೊಂಟಿತು! ಖುಷಿಗೆ ಕೂಗಿದೆ. ಆಮ್ಯಾಲೆ ನೋಡತೀನಿ, ಮುಂದ ನಿಂತ ದೋಸ್ತ್ ಸಣ್ಣಾಗಾಕತ್ತಾನ. ವಿಮಾನ ಹಿಂದಕ್ಕ ಹೊಂಟೈತಿ! ಅರ್ಧ ಸುತ್ತು ಹೊಳ್ಳಿ, ಬದುವಿಗೆ ಬಾಲ ಊರಿ ನಿಂತಿತು. ಮೂತಿ ನೇರ ಅಣ್ಣನ ಕಣಕ್ಕ. ಪಂಖಾದ ಗಾಳಿ ಎಲ್ಲಾ ಮುಂದಕ್ಕ ಬಡ್ಯಾಕತ್ತಿತು.

ಅಳು ಬಂದಂಗಾಗಿ ಬಂದ್ ಮಾಡಾಕ ಕೈ ಹಾಕಿದೆ.

"ಬಂದ್ ಮಾಡಿದಿ ಅಂದ್ರ ನೋಡು, ಲೇ!" ಅಂತ ಅಣ್ಣ ಚೀರಿದ. ಆಗಲೇ ಮೊರ ಎತ್ತಿದ್ದ. ಕಾಳು ಕಾಲಾಗ ಬೀಳಾಕತ್ತಿತು, ಹೊಟ್ಟು ಬಾಜೂಕಿನ ಹೊಲಕ್ಕ ಹೋತು. ಮಧ್ಯಾಹ್ನದೊಳಗ ಇಡೀ ರಾಶಿ ತೂರಿ ಮುಗೀತು. ನಾನು ವಿಮಾನದಾಗ ಕುಂತ ಕುಂತಿದ್ದೆ.

ಇಳದವನ ಅಜ್ಜನ ಮ್ಯಾಲೆ ಹರಿಹಾಯ್ದೆ. "ಚಿತ್ರದಂಗ ಕೆತ್ತಲಿಲ್ಲೇನಜ್ಜಾ?"

"ಚಿತ್ರ ಎಡಕ್ಕ ಸುತ್ತೋದಿತ್ತಪಾ. ಗುಡಿ ಯಾರರೆ ಎಡಕ್ಕ ಸುತ್ತತಾರೇನು? ಮೊದಲನೆ ಸಲ ಹಾರಾವ, ಅಪಶಕುನ ಬ್ಯಾಡಂತ ನಾನ ತಿದ್ದಿ ಬಲಕ್ಕ ಸುತ್ತೋಹಂಗ ಕೆತ್ತೀನಿ. ತಿದ್ದಿದ್ದಕ್ಕ ಮತ್ತ ಮಜೂರಿ ಕೇಳೀನೇನು?"

ತಲಿ ಹಿಡಕೊಂಡು ಕುಂತೆ. ಇಂಜಿನ್ ತಿರುಗೋದು ಎಡಕ್ಕ, ಎಸಳು ಕೆತ್ತಿದ್ದು ಬಲಕ್ಕ, ಅದಕ್ಕ ಹಿಂದಕ್ಕ ಹೋಗಬೇಕಾದ ಗಾಳಿ ಮುಂದಕ್ಕ ಬಡದಿತ್ತು. "ಅಜ್ಜಾ, ಕೈ ಮುಗೀತೀನಿ, ಎಡಕ್ಕ ಸುತ್ತೋದು ಇನ್ನೊಂದು ಕೆತ್ತಿಕೊಡು," ಅಂದೆ.

ಅಷ್ಟರಾಗ ಅಣ್ಣ ಮೈ ಝಾಡಿಸಿಕೋತ ಬಂದು ನನ್ನ ಹೆಗಲ ಮ್ಯಾಲೆ ಕೈ ಇಟ್ಟ. "ತಮ್ಮಾ, ಇನ್ನ ಪ್ರತಿ ವರ್ಷ ಹೊಲ ನಿನಗ ಕೊಡತೀನಿ. ಆದ್ರ ಈ ಪಂಖಾ ಬಿಚ್ಚಿದಿ ಅಂದ್ರ ಹೊಲದಾಗ ಕಾಲಿಡಬ್ಯಾಡ."

ಬಡಿಗೇರ ಅಜ್ಜ ನಿಧಾನಕ್ಕ ಬೀಡಿ ಹಚ್ಚಿದ.

"ನೋಡಿದೇನಪಾ? ಒಂದ ಮುಂಜಾನೆ ಬಲಕ್ಕ ಸುತ್ತಿದ್ದಕ್ಕ ಕೇಳಿದ ಹೊಲ ಸಿಕ್ತು."