ವೈಜನಾಥಪ್ಪನ ಕಟ್ಟೆ, ಬಸವಣಪ್ಪನ ಸೈಕಲ್ಲು

ಬಸವಕಲ್ಯಾಣದ ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ವೈಜನಾಥಪ್ಪನ ಭಾಂಡೆ ಅಂಗಡಿ ಇದೆ. ಅಂಗಡಿಗಿಂತ ಅದರ ಮುಂದಿನ ಕಲ್ಲಿನ ಕಟ್ಟೆಯೇ ಹೆಚ್ಚು ಹೆಸರುವಾಸಿ. ಪಾತ್ರೆ ಕೊಳ್ಳುವವರು ಅಪರೂಪಕ್ಕೆ ಬಂದರೂ ಆ ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡುವವರು ದಿನವೂ ತಪ್ಪದೆ ಬರುತ್ತಾರೆ. ಅವರಲ್ಲಿ ನಾನೂ ಒಬ್ಬ. ಕಟ್ಟೆ ಹೋದರೆ ವೈಜನಾಥಪ್ಪನಿಗೆ ಉಳಿಯುವುದು ಬರೀ ವ್ಯಾಪಾರ, ಮತ್ತು ಅದು ಅವನಿಗೆ ಅಷ್ಟಾಗಿ ಬರುವುದಿಲ್ಲ.

ಆ ಕಟ್ಟೆಗೇ ಈಗ ಕುತ್ತು ಬಂದಿತ್ತು. ನಮ್ಮ ರಸ್ತೆಗೆ ಸೈಕಲ್ ಹಾದಿ ಮಾಡುತ್ತಾರೆಂದು ನಗರಸಭೆಯವರು ಆಟೋಕ್ಕೆ ಮೈಕು ಕಟ್ಟಿ ಸಾರಿದ್ದರು. ಹಾದಿ ಒಂದೇ ಮಗ್ಗುಲಿಗೆ. ಎಡಗಡೆಯೋ ಬಲಗಡೆಯೋ ಎಂಬುದನ್ನು ಸಭೆ ಕರೆದು, ಜನರನ್ನು ಕೇಳಿ ನಿರ್ಧರಿಸುವುದು. ಯಾವ ಕಡೆಗೆ ಬಂದರೂ ಆ ಕಡೆಯ ಕಟ್ಟೆಗಳು ಹೋಗುತ್ತವೆ. ಸಭೆಗೆ ಸೈಕಲ್ ಮೇಲೆ ಬಂದವರಿಗೆ ಮೊದಲು ಮಾತಾಡುವ ಅವಕಾಶ. ವೈಜನಾಥಪ್ಪನ ಅಂಗಡಿ ಬಲಗಡೆಗಿತ್ತು. ಎದುರಿಗೆ, ಎಡಗಡೆಗೆ, ಅರಿವೆ ಅಂಗಡಿ ಬಸವಣಪ್ಪ. ಅವನಿಗೂ ಒಂದು ಕಟ್ಟೆ ಇತ್ತು.

"ಬಲಗಡಿ ಬ್ಯಾಡ ಅಂತ ನೀವ ಹೇಳಿ ಬರ್ರಿ ವೈಜನಾಥಣ್ಣ, ನಿಮ್ಮ ಮಾತಿಗಿ ತೂಕ ಅದ," ಎಂದು ನಾವೆಲ್ಲ ಅವನನ್ನು ಹುರಿದುಂಬಿಸಿದೆವು. ಜೊತೆಗೆ ಹೋಗಲು ಮಾತ್ರ ಯಾರಿಗೂ ಬಿಡುವಿರಲಿಲ್ಲ. ಕಟ್ಟೆ ಉಳಿಸುವ ಹೋರಾಟಕ್ಕೆ ಕಟ್ಟೆ ಬಿಟ್ಟು ಏಳಬೇಕೆಂದರೆ ನಮಗೆ ಕಷ್ಟ.

ಅಷ್ಟರಲ್ಲಿ ಬಸವಣಪ್ಪ ತನ್ನ ಎತ್ತರದ ಹಳೇ ಸೈಕಲ್ ತಳ್ಳಿಕೊಂಡು ಬಂದ. "ಮೊದಲ ಮಾತಾಡ್ಬೇಕಂದ್ರ ಇದರ ಮ್ಯಾಲ ಹೋಗ್ರಿ. ನನಗಂತೂ ಮೊಣಕಾಲ ನೋವ ಅದ."

ವೈಜನಾಥಪ್ಪನ ಹೆಂಡತಿ ವಿದ್ಯಾವತಿ ಹುಮನಾಬಾದದ ವ್ಯಾಪಾರಸ್ಥರ ಮಗಳು. ಆಕೆ ಒಳಗಿನಿಂದಲೇ ಗಂಡನಿಗೆ ಹೇಳಿದಳು: "ಎದುರಿನ ಅಂಗಡಿಯವ್ರು ಪುಕ್ಕಟ ಕೊಟ್ರ ನೀರ್ ಸೈತ ಕುಡೀಬಾರದ್ರಿ. ಅಲ್ಲದ ನಿಮಗ ಸೈಕಲ್ ಹೊಡಿಯಾಕ ಎಲ್ಲಿ ಬರ್ತದ?"

"ಬರಾಬರ್ ಬರ್ತದ. ಹತ್ತೋದು, ಇಳಿಯೋದು ಅಷ್ಟ ಮರ್ತೀನಿ."

ಹತ್ತುವ ಸಮಸ್ಯೆ ಕಟ್ಟೆಯಿಂದ ಬಗೆಹರಿಯಿತು. ಕಟ್ಟೆಯ ಮೇಲೆ ನಿಂತು, ಧೋತರ ಎತ್ತಿ ಕಟ್ಟಿ, ಮದುಮಗ ಕುದುರೆ ಏರಿದ ಹಾಗೆ ಏರಿದ. ನಾವು ಹಿಂದಿನಿಂದ ನೂಕಿದೆವು. ಸೈಕಲ್ ಹೊರಟೇ ಬಿಟ್ಟಿತು.

ಸಭೆ ಪುರಭವನದ ಮುಂದಿನ ಶಾಮಿಯಾನದಲ್ಲಿ ಇತ್ತು. ವೈಜನಾಥಪ್ಪ ಅಲ್ಲಿಗೆ ಸುಖವಾಗಿಯೇ ಮುಟ್ಟಿದ. ಆದರೆ ಇಳಿಯಬೇಕೆಂದರೆ ಕಾಲಿಡಲು ಒಂದು ಕಟ್ಟೆ ಬೇಕಲ್ಲ! ಅಲ್ಲಿ ಒಂದೂ ಇರಲಿಲ್ಲ. ಬಾಗಿಲಲ್ಲಿ ಕೈಮುಗಿದು ನಿಂತವರಿಗೆ ತಲೆಯಲ್ಲೇ ನಮಸ್ಕಾರ ಹೇಳಿ ಮುಂದಕ್ಕೆ ಹೋದ. ಚೌಕದಲ್ಲಿ ತಿರುಗಿ ಮತ್ತೆ ಬಂದ, ಮತ್ತೆ ಮುಂದಕ್ಕೆ ಹೋದ.

ಮುಡಬಿಗೆ ಹೋಗುವ ಜನರನ್ನು ಕೂಗಿ ತುಂಬಿಕೊಳ್ಳುತ್ತಿದ್ದ ಆಟೋದ ಸಂಘಪಾಲನಿಗೆ ಮಾತ್ರ ವಿಷಯ ತಿಳಿಯಿತು. ಆಟೋ ಪಕ್ಕಕ್ಕೆ ತಂದು ಕೂಗಿದ: "ಕಾಕಾ, ಬ್ರೇಕ್ ಹಿಡೀರಿ!"

"ಹಿಡದ್ರ ಬೀಳ್ತೀನೋ!"

"ಹಂಗಾದ್ರ ಮುಡಬಿತನಾ ನಡೀರಿ, ಅಲ್ಲಿ ಕಟ್ಟಿ ಭಾಳ ಅದಾವ!"

ಶಾಮಿಯಾನದೊಳಗಿನ ಜನ ಬೇರೆಯೇ ತಿಳಿದರು. ಈ ವಯಸ್ಸಿನಲ್ಲಿ ಈ ಮನುಷ್ಯನಿಗೆ ಸೈಕಲ್ ಮೇಲೆ ಎಷ್ಟು ಪ್ರೀತಿ, ಇಳಿಯಲೂ ಒಲ್ಲನಲ್ಲ ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಬೆದರಿದ ವೈಜನಾಥಪ್ಪ ಹ್ಯಾಂಡಲ್ ತಿರುಗಿಸಿ ನೇರ ಒಳಗೇ ನುಗ್ಗಿದ. ಅತಿಥಿಗಳಿಗೆಂದು ತಂದಿಟ್ಟಿದ್ದ ಹಾರಗಳ ಬುಟ್ಟಿಯ ಮೇಲೆ ಬಿದ್ದು, ಎದ್ದಾಗ ಕೊರಳಲ್ಲಿ ಒಂದು ಹಾರ ಇತ್ತು. ಹಾರ ಬಿದ್ದ ಮೇಲೆ ಶಾಲು ತಪ್ಪೀತೇ? ಅದನ್ನೂ ಹೊದಿಸಿ ಕೈಗೆ ಮೈಕು ಕೊಟ್ಟರು.

ನಮ್ಮ ಕಡೆ ಒಂದು ರಿವಾಜು ಇದೆ. ಶಾಲು ಹೊದಿಸಿಕೊಂಡವನು ಮೊದಲು ಎರಡು ಒಳ್ಳೆಯ ಮಾತು ಆಡಲೇಬೇಕು, ಜಗಳವೇನಿದ್ದರೂ ಆಮೇಲೆ. ವೈಜನಾಥಪ್ಪ ರಿವಾಜು ಬಿಡುವವನಲ್ಲ.

"ಸೈಕಲ್ ಹಾದಿ ಭಾಳ ಚಲೋ ವಿಚಾರ ಅದ್ರಿ. ಆಗಲೇಬೇಕ್ರಿ..." ಎಂದು ಉಸಿರು ತೆಗೆದುಕೊಂಡ. 'ಆದ್ರ ನಮ್ಮ ಕಡಿ ಬ್ಯಾಡ್ರಿ' ಎಂಬುದು ನಾಲಗೆಯ ತುದಿಯಲ್ಲಿತ್ತು. ಚಪ್ಪಾಳೆ ಮೊಳಗಿತು, ಮೈಕು ನಗರಸಭೆಯ ಇಂಜಿನಿಯರ್ ವಿಜಯಶ್ರೀ ಅವರ ಕೈಗೆ ಹೋಯಿತು.

"ಎಡಗಡಿಯವ್ರೆಲ್ಲಾ ಮೊನ್ನೇನ ಬಂದು ತಕರಾರು ಹೇಳ್ಯಾರ್ರಿ," ಎಂದರು ಆಕೆ. "ಬಸವಣಪ್ಪನೋರ ಮುಂದ ನಿಂತು ಕರ್ಕೊಂಡು ಬಂದಿದ್ರು. ಬಲಗಡಿಯಿಂದ ಬಂದವ್ರು ಇವರೊಬ್ಬರೇ. ಅವರೂ ಆಗಲೇಬೇಕು ಅನ್ನಾಕತ್ತಾರ. ಹಂಗಾದ್ರ ಹಾದಿ ಬಲಗಡಿಗೇ ಇರ್ಲಿ. ಮತ್ತ ದಿನಾ ಮುಂಜಾನಿ ಇವರೇ ಅದರ ಮ್ಯಾಲ ಸೈಕಲ್ ಹೊಡದು ಮಂದಿಗಿ ಹಾದಿ ತೋರಸ್ಲಿ. ಏನಂತೀರಿ?"

ಎಲ್ಲರೂ ಹೌದೆಂದರು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ವೈಜನಾಥಪ್ಪನೂ ಕೈಮುಗಿದ. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುವುದು ಇಂಥವನನ್ನು ನೋಡಿಯೇ.

ಬರುವಾಗ ಸೈಕಲ್ ತಳ್ಳಿಕೊಂಡೇ ಬಂದ. ಸುದ್ದಿ ಸಂಘಪಾಲನ ಆಟೋದಲ್ಲಿ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು. ತನ್ನ ಕಟ್ಟೆಯ ಮುಂದೆ ಒಂದು ಗಳಿಗೆ ನಿಂತು, ತಂದೆ ಹಾಸಿಸಿದ ಆ ನುಣುಪು ಕಲ್ಲನ್ನು ಅಂಗೈಯಿಂದ ಸವರಿದ. ವಿದ್ಯಾವತಿ ಬಾಗಿಲಲ್ಲಿ ನಿಂತು ಶಾಲು ನೋಡಿದಳು. "ಚಲೋ ಅದ. ಕಟ್ಟಿ ಒಡದ್ರ ಧೂಳ ಒರಸಾಕ ಬರ್ತದ," ಎಂದು ಒಳಗೆ ಹೋದಳು.

ಸಿಟ್ಟಿನಿಂದ ರಸ್ತೆ ದಾಟಿ ಬಸವಣಪ್ಪನ ಮುಂದೆ ಸೈಕಲ್ ನಿಲ್ಲಿಸಿದ. "ತಗೋರಿ ನಿಮ್ಮ ಗಾಡಿ!"

ಬಸವಣಪ್ಪ ತನ್ನ ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದ; ಮೊಣಕಾಲು ನೋವಿನ ಸುಳಿವೇ ಇರಲಿಲ್ಲ. "ಇರ್ಲಿ ವೈಜನಾಥಣ್ಣ, ಇಟ್ಕೊಳ್ರಿ. ನಿಮಗ ಇನ್ನ ದಿನಾ ಬೇಕಾಗ್ತದ," ಎಂದ. "ಮತ್ತ ಹತ್ತಾಕ ಇಳಿಯಾಕ ಕಟ್ಟಿ ಬೇಕಂದ್ರ ಸಂಕೋಚ ಮಾಡ್ಕೋಬ್ಯಾಡ್ರಿ. ನಮ್ದ ಅದ."

ಅವನ ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ಆಗಲೇ ಕೂತಿದ್ದ ನಾವು, ಸ್ವಲ್ಪ ಸರಿದು ವೈಜನಾಥಪ್ಪನಿಗೆ ಜಾಗ ಮಾಡಿಕೊಟ್ಟೆವು.